ನಾಸಿಕದ ಹಿತ್ತಲಿಗೆ ಪೀಕನ್ ಬರುತ್ತದೆಯೇ?

ಡ್ರೈ ಫ್ರೂಟ್ ಅಂಗಡಿಯಲ್ಲಿ ಅಕ್ರೋಡಿನ ಪಕ್ಕ ಉದ್ದನೆಯ, ನುಣುಪು ಚಿಪ್ಪಿನ ಕಾಯಿ ಕಂಡರೆ ಅದು ಪೀಕನ್. ಅಕ್ರೋಡಿನದೇ ಕುಟುಂಬ, ತವರು ಮಿಸಿಸಿಪ್ಪಿ ನದಿಯ ಬಯಲು. ನಮ್ಮಲ್ಲಿ ಹಿಮಾಚಲ, ಉತ್ತರಾಖಂಡ, ಜಮ್ಮು-ಕಾಶ್ಮೀರದ ಬೆಟ್ಟಸೀಮೆಯಲ್ಲಿ ಬೆಳೆಯುತ್ತಾರೆ. ನಾಸಿಕ, ಛತ್ರಪತಿ ಸಂಭಾಜಿನಗರದ ಹಿತ್ತಲಲ್ಲಿ ನೆಟ್ಟರೆ? ಗಿಡ ಬೆಳೆದೀತು, ಕಾಯಿಯ ಮಾತು ಬೇರೆ.

ಎಲೆ ಉದುರಿಸಿ ಮಲಗಿದ ಈ ಮರ ಬಿಸಿಲು ಬಂತೆಂದು ಏಳುವುದಿಲ್ಲ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ, ತಳಿಗೆ ತಕ್ಕಂತೆ, ನೂರಾರು ಗಂಟೆ ಸಿಗಬೇಕು. ನಾಸಿಕ ಜಿಲ್ಲೆಯ ನಿಫಾಡ್ ಚಳಿಗೆ ಹೆಸರಾದ ಊರೇ. ಆದರೆ ಅಲ್ಲಿಯೂ ನಸುಕಿನ ಚಳಿ ಹೊತ್ತೇರಿದಂತೆ ಕರಗುತ್ತದೆ. ಮಧ್ಯಾಹ್ನದ ಬಿಸಿಲು ಅಲ್ಲಿಯವರೆಗೆ ಕೂಡಿಟ್ಟ ಚಳಿಯ ಲೆಕ್ಕವನ್ನೂ ಅಳಿಸುತ್ತದೆ.

ಹಾಗಾದರೆ ಅದೇ ನಿಫಾಡಿನ ದ್ರಾಕ್ಷಿ? ಅದೂ ಚಳಿ ಬಯಸುವ ಬಳ್ಳಿಯೇ. ರೈತರು ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಚಾಟ್ನಿ, ಅಂದರೆ ಕಡ್ಡಿ ಕತ್ತರಿಸುವ ಕೆಲಸ, ಮಾಡುತ್ತಾರೆ. ಅಕ್ಟೋಬರ್ ಚಾಟ್ನಿ ಮುಗಿದೊಡನೆ ಕಡ್ಡಿಯ ಕಣ್ಣುಗಳಿಗೆ ಹೈಡ್ರೋಜನ್ ಸಯನಮೈಡ್ ಸವರುತ್ತಾರೆ. ಕಣ್ಣಿನೊಳಗಿನ ಜೀವಕೋಶಗಳ ಉಸಿರಾಟಕ್ಕೆ ಪೆಟ್ಟು ಬಿದ್ದು, ಚಳಿ ಕಳೆಯಿತೆಂದು ಬಳ್ಳಿ ಮೋಸಹೋಗುತ್ತದೆ, ಎಲ್ಲ ಕಣ್ಣೂ ಒಟ್ಟಿಗೆ ಒಡೆಯುತ್ತವೆ. ನಮ್ಮ ವಿಜಯಪುರದ ಬೆಳೆಗಾರರದೂ ಇದೇ ಉಪಾಯ. ಕೈಗೆಟಕುವ ಚಪ್ಪರಕ್ಕೆ ಸರಿ. ಮೂವತ್ತು ಮೀಟರ್ ಏರಬಲ್ಲ ಮರದ ತುದಿಗೆ ಸವರುವವರು ಯಾರು? ಮೇಲಾಗಿ ಅದು ವಿಷ, ಮನೆಯಂಗಳಕ್ಕೆ ತರುವ ಸರಕಲ್ಲ.

ಇನ್ನೊಂದು ತೊಡಕು ಹೂವಿನದು. ಒಂದೇ ಮರದಲ್ಲಿ ಜೋತಾಡುವ ಗಂಡು ಗೊಂಚಲೂ ಚಿಗುರ ತುದಿಯಲ್ಲಿ ಪುಟ್ಟ ಹೆಣ್ಣು ಹೂವೂ ಇರುತ್ತವೆ, ಆದರೆ ಒಟ್ಟಿಗೆ ಮಾಗುವುದಿಲ್ಲ. ಕೆಲವು ತಳಿಗಳಲ್ಲಿ ಗಂಡು ಮೊದಲು, ಕೆಲವದರಲ್ಲಿ ಹೆಣ್ಣು. ಒಳ್ಳೆಯ ಫಸಲಿಗೆ ಎರಡೂ ಬಗೆಯ ಮರ ಹತ್ತಿರ ಇರಬೇಕು. ಪರಾಗ ಒಯ್ಯುವುದು ಗಾಳಿ. ಚಳಿ ಸಾಲದೆ ಮೊಗ್ಗು ಹಿಂದೆಮುಂದೆ ಒಡೆದರೆ ಈ ಜೋಡಿಯೂ ತಪ್ಪುತ್ತದೆ. ಸೈಟಿನಲ್ಲಿ ಕಾರು ನಿಲ್ಲಿಸಲೂ ಜಾಗವಿಲ್ಲದವರಿಗೆ ಎರಡು ಪೀಕನ್ ಎಲ್ಲಿಯ ಮಾತು!

ಬೀಜದ ಸಸಿಯಂತೂ ಬೇಡ: ತಾಯಿಯ ಗುಣ ಖಾತ್ರಿಯಿಲ್ಲ, ಕಾಯಿಗೆ ಹತ್ತು ವರ್ಷ ಕಾಯಬೇಕಾದೀತು. ಅದಕ್ಕೇ ಕಸಿ ಗಿಡ ಬೇಕು. ಈ ಮರದ ಕಸಿಯನ್ನು ಗೆದ್ದವನು ಲೂಯಿಸಿಯಾನದ ಓಕ್ ಆಲಿ ತೋಟದಲ್ಲಿ ಗುಲಾಮನಾಗಿದ್ದ ಆಂಟ್ವಾನ್, 1846ರ ಸುಮಾರಿಗೆ. ಅವನು ಕಸಿ ಮಾಡಿದ ತಳಿಗೆ 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಬಹುಮಾನ ಬಂತು.

ಮಣ್ಣಿನ ತೊಡಕೂ ಇದೆ: ಸುಣ್ಣ ಹೆಚ್ಚಿರುವ ಎರೆಮಣ್ಣಿನಲ್ಲಿ ಸತುವು ಬೇರಿಗೆ ಸಿಗದೆ ಪೀಕನ್ ಎಲೆ ಸಣ್ಣದಾಗಿ ಮುದುಡುತ್ತದೆ. ಎಲೆಗೇ ಸತುವಿನ ಸಲ್ಫೇಟ್ ಸಿಂಪಡಿಸಬೇಕು. ನೆರಳಿಗೆಂದು ಇಷ್ಟೆಲ್ಲ ಮಾಡುವವರು ಕಸಿ ಗಿಡ ತಂದು ನೆಡಲಿ. ತಿನ್ನುವ ಆಸೆಯಿದ್ದರೆ ಸಂಭಾಜಿನಗರದ ಪಕ್ಕದ ದೌಲತಾಬಾದಿನವರಂತೆ ಸೀತಾಫಲ ಹಾಕಿ. ಅದಕ್ಕೆ ಚಳಿಯ ಗಂಟೆಗಳ ಲೆಕ್ಕ ಬೇಕಿಲ್ಲ.