ಸೈಕಲ್ ಸವಾರನ ನಗರಸೇವೆ

ಈಗ ವೃದ್ಧಾಪ್ಯದಲ್ಲಿರುವವರು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ನಮ್ಮ ನಾಡಿನ ಅನೇಕ ಊರುಗಳಲ್ಲಿ, ಸೈಕಲ್ಲಿಟ್ಟುಕೊಂಡವರು ವರ್ಷಕ್ಕೊಮ್ಮೆ ಪುರಸಭೆಗೆ ತೆರಿಗೆ ಸಲ್ಲಿಸಿ, ಅದರ ಗುರುತಾಗಿ ದೊರೆಯುತ್ತಿದ್ದ ಲೋಹದ ಬಿಲ್ಲೆಯನ್ನು ವಾಹನಕ್ಕೆ ತಗುಲಿಸಿಕೊಳ್ಳಬೇಕಾಗಿತ್ತು. ಕತ್ತಲಾದ ಮೇಲೆ ದೀಪವಿಲ್ಲದೆ ಹೊರಟವನನ್ನೂ, ಕ್ಯಾರಿಯರಿನ ಮೇಲೆ ಇನ್ನೊಬ್ಬನನ್ನು ಕೂರಿಸಿಕೊಂಡು ಡಬಲ್ಸ್ ಹೋದವನನ್ನೂ ಪೊಲೀಸಿನವರು ತಡೆದು ದಂಡ ಹಾಕುತ್ತಿದ್ದರು. ಆ ತೆರಿಗೆ ಯಾರಿಗೂ ಪ್ರಿಯವಾಗಿದ್ದಿರಲಾರದು. ಆದರೂ ಅದರಿಂದ ಒಂದು ಪ್ರಯೋಜನವುಂಟಾಗಿತ್ತು: ಊರಿನಲ್ಲಿ ಸೈಕಲ್ಲುಗಳು ಎಷ್ಟಿವೆಯೆಂಬುದು ಪುರಸಭೆಯ ದಫ್ತರಕ್ಕೆ ತಿಳಿದಿರುತ್ತಿತ್ತು. ಬಿಲ್ಲೆ ಹೋಯಿತು, ಅದರೊಡನೆ ಸೈಕಲ್ಲೂ ಲೆಕ್ಕದ ಪುಸ್ತಕದಿಂದ ಮರೆಯಾಯಿತು. ಮೋಟಾರು ವಾಹನಗಳ ಸಂಖ್ಯೆಯನ್ನು ನೋಂದಣಿ ಕಚೇರಿಗಳು ಪ್ರತಿದಿನವೂ ಬರೆದಿಡುತ್ತವೆ. ಸೈಕಲ್ಲಿಗೆ ಅಂತಹ ಲೆಕ್ಕಿಗನಿಲ್ಲ. ಅಂಕಿಯಾಗಿ ಕಾಣಿಸಿಕೊಳ್ಳದ ಪ್ರಯಾಣಿಕನಿಗೆ ರಸ್ತೆಯ ನಕ್ಷೆಯಲ್ಲಿ ಸ್ಥಳ ದೊರೆಯುವುದು ದುರ್ಲಭ.

ಹಾಗೆಂದು ಸೈಕಲ್ಲು ನಮ್ಮ ನಡುವಿನಿಂದ ಹೋಗಿಬಿಟ್ಟಿದೆಯೆಂದು ಭಾವಿಸುವುದು ತಪ್ಪು. 2011ರ ಜನಗಣತಿಯ ಪ್ರಕಾರ, ಬೇಸಾಯ ಮತ್ತು ಗೃಹೋದ್ಯಮಗಳ ಹೊರತಾದ ಉದ್ಯೋಗಗಳಲ್ಲಿರುವ ಭಾರತೀಯರಲ್ಲಿ ಶೇಕಡ 13ರಷ್ಟು ಮಂದಿ ಸೈಕಲ್ಲಿನಲ್ಲಿಯೇ ಕೆಲಸಕ್ಕೆ ಹೋಗುತ್ತಿದ್ದರು. ಬೆಂಗಳೂರಿನಲ್ಲಿ ಇಂದಿಗೂ ಬೆಳಗಿನ ಜಾವಕ್ಕೆ ಎದ್ದು ನೋಡಿದವರಿಗೆ, ಪತ್ರಿಕೆ ಹಂಚುವ ಹುಡುಗರು, ರಾತ್ರಿ ಪಾಳಿ ಮುಗಿಸಿ ಮರಳುವ ಕಾವಲುಗಾರರು, ಕರಣೆ ಗುದ್ದಲಿಗಳನ್ನು ಕ್ಯಾರಿಯರಿಗೆ ಕಟ್ಟಿಕೊಂಡ ಗಾರೆ ಕೆಲಸದವರು ಕಣ್ಣಿಗೆ ಬೀಳದಿರರು. ಆರೋಗ್ಯಕ್ಕಾಗಿಯೋ ಸಂತೋಷಕ್ಕಾಗಿಯೋ ಸೈಕಲ್ಲೇರಿದ ವಿದ್ಯಾವಂತನು ತಾನು ಇವರಿಂದ ಬೇರೆಯಾದ ಒಂದು ಕೂಟದವನೆಂದು ತಿಳಿಯದೆ, ಇವರ ಸಂಖ್ಯೆಯೊಡನೆ ತನ್ನನ್ನು ಸೇರಿಸಿಕೊಂಡು ಮಾತನಾಡಿದಲ್ಲಿ, ಅವನ ಮಾತಿಗೆ ಎಷ್ಟೋ ಪಾಲು ಬಲ ಬರುತ್ತದೆ. ನಗರದ ಸೈಕಲ್ ಚಳವಳಿಗಳಲ್ಲಿ ನಾನು ಕಾಣುವ ಮುಖ್ಯ ಕೊರತೆಯೆಂದರೆ ಹೀಗೆ ಸೇರಿಸಿಕೊಳ್ಳದಿರುವುದೇ.

ಆದಕಾರಣ ಸವಾರನು ನಗರಕ್ಕಾಗಿ ಮಾಡಬಹುದಾದ ಮೊದಲನೆಯ ಕೆಲಸ ಎಣಿಕೆ. ಇದಕ್ಕೆ ಯಂತ್ರವೂ ಬೇಡ, ಅನುಮತಿಯೂ ಬೇಡ. ನೆರೆಯವರಿಬ್ಬರು ಒಂದು ವೃತ್ತದ ಬಳಿ ಬೆಳಿಗ್ಗೆ ಒಂದು ಗಂಟೆ ನಿಂತು, ಹಾದುಹೋಗುವ ಸೈಕಲ್ಲುಗಳನ್ನು ಕಾಗದದ ಮೇಲೆ ಗೆರೆಯೆಳೆದು ಗುರುತಿಸುತ್ತ, ಗಂಡಸರೆಷ್ಟು, ಹೆಂಗಸರೆಷ್ಟು, ಶಾಲೆಯ ಮಕ್ಕಳೆಷ್ಟು ಎಂದು ಬೇರೆ ಬೇರೆಯಾಗಿ ಬರೆದರೆ ಸಾಕು. ಹೆಂಗಸರ ಸಂಖ್ಯೆಯನ್ನು ವಿಶೇಷವಾಗಿ ಗಮನಿಸಬೇಕು. ರಸ್ತೆಯ ಭಯ ಹೆಚ್ಚಿದಲ್ಲಿ ಮೊದಲು ಹಿಂದೆ ಸರಿಯುವವರು ಅವರೂ ಮಕ್ಕಳೂ. ಅದೇ ಸ್ಥಳದಲ್ಲಿ, ಅದೇ ವಾರದಲ್ಲಿ, ವರ್ಷ ವರ್ಷವೂ ಮಾಡಿದ ಇಂತಹ ಎಣಿಕೆಯ ಪಟ್ಟಿಯನ್ನು ಎಂಜಿನಿಯರನ ಮೇಜಿನ ಮೇಲಿಟ್ಟಾಗ, “ಇಲ್ಲಿ ಸೈಕಲ್ ಹೊಡೆಯುವವರು ಯಾರಿದ್ದಾರೆ?” ಎಂಬ ಹಳೆಯ ಪ್ರಶ್ನೆಗೆ ಅವಕಾಶವಿರದು.

ಎರಡನೆಯದು ದೂರು, ಆದರೆ ಎಲ್ಲ ದೂರೂ ಸಮಾನವಲ್ಲ. “ರಸ್ತೆ ಸರಿಯಿಲ್ಲ” ಎಂಬ ಆಕ್ಷೇಪಣೆಗೆ ಉತ್ತರಿಸುವ ಹೊಣೆ ಯಾರ ಮೇಲೂ ಬೀಳುವುದಿಲ್ಲ. ಮಳೆನೀರು ಇಳಿಯುವ ಕಬ್ಬಿಣದ ಜಾಲರಿಯ ಸಂದುಗಳು ಸಂಚಾರದ ದಿಕ್ಕಿಗೆ ಸಮಾನಾಂತರವಾಗಿದ್ದರೆ ಸೈಕಲ್ಲಿನ ತೆಳುವಾದ ಚಕ್ರ ಅವುಗಳೊಳಗೆ ಸಿಕ್ಕಿಕೊಂಡು ಸವಾರನು ಮುಗ್ಗರಿಸುತ್ತಾನೆ. ಅದೇ ಜಾಲರಿಯನ್ನು ತಿರುಗಿಸಿ ಅಡ್ಡಲಾಗಿ ಕೂರಿಸಿದರೆ ಅಪಾಯ ನಿವಾರಣೆಯಾಗುತ್ತದೆ. ನೀರಿನ ಕೊಳವೆಗಾಗಿ ಉದ್ದಕ್ಕೂ ಅಗೆದು ಅರೆಮನಸ್ಸಿನಿಂದ ಮುಚ್ಚಿದ ಕಡೆ ಉಳಿಯುವ ಏಣು, ಡಾಂಬರಿನ ಅಂಚು ಮಣ್ಣಿಗೆ ಥಟ್ಟನೆ ಇಳಿಯುವ ಜಾಗ, ಮರದ ನೆರಳಿನಲ್ಲಿ ಬೆಳಕು ಬೀಳದ ತಿರುವು: ಇವನ್ನೆಲ್ಲ ಕಾರಿನಲ್ಲಿ ಕುಳಿತವನು ಅರಿಯನು, ಪ್ರತಿದಿನ ಅದೇ ದಾರಿಯಲ್ಲಿ ಪೆಡಲು ತುಳಿಯುವವನು ಮಾತ್ರ ಬಲ್ಲನು. ಹತ್ತಿರದ ವಿದ್ಯುತ್ ಕಂಬದ ಸಂಖ್ಯೆ, ಒಂದು ಛಾಯಾಚಿತ್ರ, ಆಗಬೇಕಾದ ದುರಸ್ತಿ, ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದು ಸ್ವೀಕೃತಿ ಪಡೆದುಕೊಂಡಲ್ಲಿ ಆ ದೂರು ಗಟ್ಟಿಯಾಗಿ ನಿಲ್ಲುತ್ತದೆ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕಿನ ಕಾನೂನು ಇದೆ. 10 ರೂಪಾಯಿ ಶುಲ್ಕದ ಅರ್ಜಿಗೆ 30 ದಿನಗಳೊಳಗೆ ಉತ್ತರ ಕೊಡತಕ್ಕದ್ದು. ರಸ್ತೆಯ ವಿನ್ಯಾಸದಲ್ಲಾಗಲಿ ನಿರ್ವಹಣೆಯಲ್ಲಾಗಲಿ ಮಾನದಂಡವನ್ನು ಉಲ್ಲಂಘಿಸಿ, ಅದರಿಂದ ಸಾವೋ ಅಂಗವೈಕಲ್ಯವೋ ಸಂಭವಿಸಿದರೆ, ಹೊಣೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದೆಂದು ಮೋಟಾರು ವಾಹನ ಕಾಯಿದೆಗೆ 2019ರಲ್ಲಾದ ತಿದ್ದುಪಡಿ ಹೇಳುತ್ತದೆ. ಈ ವಿಧಿಯನ್ನು ಬಲ್ಲ ಪ್ರಜೆಯ ಪತ್ರವನ್ನು ಅಧಿಕಾರಿಗಳು ಹೆಚ್ಚು ಎಚ್ಚರದಿಂದ ಓದುತ್ತಾರೆ.

ಸೈಕಲ್ಲಿಗೆ ಪ್ರತ್ಯೇಕ ಪಥ ಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ಪಥವೊಂದು ಹುಟ್ಟಿದ ಮಾತ್ರಕ್ಕೆ ಉಳಿಯುವುದಿಲ್ಲವೆಂಬುದನ್ನು ಬೆಂಗಳೂರು ಮತ್ತೆ ಮತ್ತೆ ಕಂಡಿದೆ. ಜಯನಗರದ ಪಥಗಳಲ್ಲಿ ಕಾರುಗಳು ನಿಂತವು. 2020ರಲ್ಲಿ ಹೊರವರ್ತುಲ ರಸ್ತೆಯ ಅಂಚಿನಲ್ಲಿ ಗೂಟಗಳನ್ನು ನೆಟ್ಟು ಮಾಡಿದ ಪಥದೊಳಕ್ಕೆ ಸ್ಕೂಟರು ಬೈಕುಗಳು ನುಗ್ಗಿದವು, ಗೂಟಗಳು ಮುರಿದವು, ಬಳಿಕ ಮೆಟ್ರೊ ಕಾಮಗಾರಿಯು ಉಳಿದುದನ್ನೂ ನುಂಗಿತು. ಇಲ್ಲಿ ನಿತ್ಯದ ಸವಾರರ ಪಾತ್ರ ದೊಡ್ಡದು. ಪಥ ಅರೆಕೊರೆಯಾಗಿದ್ದರೂ ವಾರದ ಕೆಲಸದ ದಿನಗಳಲ್ಲಿ, ತರಕಾರಿಗೆ, ಬ್ಯಾಂಕಿಗೆ, ಕಚೇರಿಗೆ, ಅದರಲ್ಲಿಯೇ ಸಂಚರಿಸಬೇಕು. ಅಡ್ಡ ನಿಂತ ವಾಹನದ ವಿಷಯವನ್ನು ಸಂಚಾರ ಪೊಲೀಸರಿಗೆ ಆಗಿಂದಾಗ್ಗೆ ತಿಳಿಸಬೇಕು. ರಸ್ತೆ ಅಗೆಯುವ ಸುದ್ದಿ ಬಂದೊಡನೆ, ಮುಚ್ಚುವಾಗ ಪಥವನ್ನು ಮೊದಲಿನಂತೆ ಮಾಡಿಕೊಡುವ ಷರತ್ತು ಗುತ್ತಿಗೆಯ ಪತ್ರದಲ್ಲಿ ಇದೆಯೇ ಎಂದು ವಿಚಾರಿಸಬೇಕು. ಡಾಂಬರು ಬಿದ್ದ ಮೇಲೆ ಎತ್ತಿದ ಆಕ್ಷೇಪಣೆಯಿಂದ ಹಣವೂ ಕಾಲವೂ ನಷ್ಟ. ನಕ್ಷೆಯ ಹಂತದಲ್ಲಿ ಆಡಿದ ಒಂದು ಮಾತು ಅದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಜನರನ್ನು ಸೈಕಲ್ಲಿಗೆ ಪರಿಚಯಿಸುವ ಸಾರ್ವಜನಿಕ ಯತ್ನಗಳೂ ನಡೆದಿವೆ. 2013ರಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯವೂ ನಾಗರಿಕ ಸಂಘಗಳೂ ಕೂಡಿ ಬೆಂಗಳೂರಿನಲ್ಲಿ, ಭಾನುವಾರ ರಸ್ತೆಯನ್ನು ಮೋಟಾರು ವಾಹನಗಳಿಂದ ತೆರವುಗೊಳಿಸುವ ಸೈಕಲ್ ದಿನವನ್ನು ಆರಂಭಿಸಿದವು. ಮೈಸೂರಿನಲ್ಲಿ 2017ರ ಜೂನಿನಲ್ಲಿ ಸುಮಾರು 450 ಸೈಕಲ್ಲುಗಳೊಡನೆ ‘ಟ್ರಿನ್ ಟ್ರಿನ್’ ಎಂಬ ಸಾರ್ವಜನಿಕ ಸೈಕಲ್ ಹಂಚಿಕೆಯ ಯೋಜನೆ ಪ್ರಾರಂಭವಾಯಿತು. ಆದರೆ ಭಾನುವಾರ ತೆರವಾದ ರಸ್ತೆಯಲ್ಲಿ ನಗುತ್ತ ಸುತ್ತಿದವರು ಸೋಮವಾರ ಕಚೇರಿಗೆ ಹೊರಡುವಾಗ ಸೈಕಲ್ಲನ್ನು ಮುಟ್ಟದಿದ್ದರೆ, ಕಾರಣ ಸಾಮಾನ್ಯವಾಗಿ ದಾರಿಯ ಅಜ್ಞಾನ. ಬೆಂಗಳೂರಿನ ಮಲ್ಲೇಶ್ವರ, ಜಯನಗರಗಳಂತಹ ಬಡಾವಣೆಗಳಲ್ಲಿ ಮುಖ್ಯರಸ್ತೆಯನ್ನು ಬಿಟ್ಟು ಕ್ರಾಸಿನಿಂದ ಕ್ರಾಸಿಗೆ ಶಾಂತವಾಗಿ ಸಾಗುವ ಮಾರ್ಗಗಳುಂಟು. ಅನುಭವವಿರುವವನು ಹೊಸಬನೊಡನೆ ಮೊದಲ ಕೆಲವು ದಿನ ಜೊತೆಯಾಗಿ ಹೋಗಿ ಆ ಮಾರ್ಗವನ್ನು ತೋರಿಸಿಕೊಡುವುದು ಯಾವ ಪ್ರಚಾರಕ್ಕಿಂತಲೂ ಮಿಗಿಲು. ಕಚೇರಿಯಲ್ಲಿ ಸೈಕಲ್ಲಿನ ಚೌಕಟ್ಟನ್ನೇ ಕಟ್ಟಿ ಬೀಗ ಹಾಕಬಹುದಾದ ಕಂಬಿಯೊಂದನ್ನು ಹಾಕಿಸುವಂತೆ ಕೇಳುವುದು ಇನ್ನೂ ಸುಲಭ.

ಸವಾರನ ನಡವಳಿಕೆಯ ಬಗ್ಗೆಯೂ ಒಂದು ಮಾತು. ಎದುರುದಿಕ್ಕಿನಲ್ಲಿ ಬರುವುದು, ಕೆಂಪು ದೀಪವನ್ನು ದಾಟುವುದು, ಕಾಲುದಾರಿಯನ್ನೇರಿ ನಡೆಯುವವರನ್ನು ಬೆದರಿಸುವುದು, ಇವು ಸ್ನೇಹಿತರಾಗಬೇಕಾದವರನ್ನು ಶತ್ರುಗಳನ್ನಾಗಿಸುತ್ತವೆ. ಪಾದಚಾರಿಯೇ ಸೈಕಲ್ಲಿಗನ ಅತ್ಯಂತ ನಿಕಟ ಬಂಧು. ಅಗಲವಾದ ಕಾಲುದಾರಿಗಾಗಿ ಅವನು ಹೋರಾಡುವಾಗ ನಾವು ಜೊತೆಗಿರತಕ್ಕದ್ದು.

ಕೊನೆಯದಾಗಿ, ಈ ಬೇಡಿಕೆಗಳನ್ನು ಮುಂದಿಡಲು ವಾರ್ಡಿನ ಸಭೆಗೆ ಹೋಗುವ ಮುನ್ನ ಮಾಡಬೇಕಾದ ಕಾರ್ಯವೊಂದುಂಟು. ಪತ್ರಿಕೆ ಹಂಚುವ ಹುಡುಗನಿಗೂ ಗಾರೆ ಕೆಲಸದವನಿಗೂ ಆ ಸಭೆಗೆ ಬರುವಷ್ಟು ಬಿಡುವಿರುವುದಿಲ್ಲ. ಪಂಕ್ಚರ್ ಅಂಗಡಿಯ ಮುಂದೆ ಅವರು ಗಾಳಿ ತುಂಬಿಸಿಕೊಳ್ಳುವಾಗ, ಯಾವ ರಸ್ತೆಯನ್ನು ತಪ್ಪಿಸಿ ಸುತ್ತಿ ಹೋಗುತ್ತಾರೆ, ಏಕೆ ತಪ್ಪಿಸುತ್ತಾರೆ ಎಂದು ಕೇಳಿ ತಿಳಿದುಕೊಂಡು, ಮನವಿಪತ್ರದ ಮೊದಲ ಸಾಲಿನಲ್ಲಿ ಅದನ್ನೇ ಬರೆಯಬೇಕು. ನಮ್ಮ ಕೋರಿಕೆಗಳು ಅದರ ಕೆಳಗೆ ಬರಲಿ.