ಹೋಟೇಲಿನ ಹಿಂಬಾಗಿಲಿನಿಂದ ಎರಡು ಗುಂಟೆಯ ತೋಟಕ್ಕೆ

ಹೋಟೇಲಿನ ಮುಂಬಾಗಿಲನ್ನು ಬಲ್ಲವರು ಲಕ್ಷಾಂತರ ಮಂದಿ. ಹಿಂಬಾಗಿಲನ್ನು ಬಲ್ಲವರು ಅಲ್ಲಿ ದುಡಿಯುವವರು ಮಾತ್ರ. ರಾತ್ರಿ ಹನ್ನೊಂದರ ಸುಮಾರಿಗೆ ಗಲ್ಲಾಪೆಟ್ಟಿಗೆಯ ಲೆಕ್ಕ ಮುಗಿದು, ಕುರ್ಚಿಗಳು ತಲೆಕೆಳಗಾಗಿ ಮೇಜುಗಳನ್ನೇರಿದ ಮೇಲೆ, ಆ ಹಿಂಬಾಗಿಲಿನಿಂದ ಹೊರಬೀಳುವ ಡಬ್ಬಗಳಲ್ಲಿ ಏನೇನಿರುತ್ತದೆಂಬುದನ್ನು ನಮ್ಮ ವಾಚಕರಿಗೆ ನಾವು ವಿವರಿಸಬೇಕಾದುದಿಲ್ಲ. ಕೋಸಿನ ಹೊರ ಎಲೆ, ಬಟಾಟೆಯ ಸಿಪ್ಪೆ, ಕರಿಬೇವಿನ ಕಡ್ಡಿ, ಕಾಯಿ ತುರಿದ ಗೆರಟೆ, ಚಹಾ ಕಾಫಿಗಳ ಚರಟ, ಊಟದ ಬಾಳೆ ಎಲೆ. ಊರಿನಲ್ಲಾದರೆ ಇವುಗಳಲ್ಲಿ ಒಂದೂ ಕಸವೆನಿಸದು. ಅರ್ಧ ದನಕ್ಕೆ, ಅರ್ಧ ತೆಂಗಿನ ಬುಡಕ್ಕೆ, ಗೆರಟೆ ಬಚ್ಚಲ ಒಲೆಗೆ. ಮುಂಬಯಿಯಲ್ಲಿ ಮಾತ್ರ ಅದೇ ವಸ್ತುವಿಗೆ ಲಾರಿ ಬೇಕು, ಲಾರಿ ಸುರಿಯಲು ಬಯಲು ಬೇಕು.

ಆ ಬಯಲಿನ ಕಥೆಯೂ ಹಳೆಯದು. ದೇವನಾರದಲ್ಲಿ ಈ ಮಹಾನಗರ 1927ರಿಂದ ಕಸ ಸುರಿಯುತ್ತ ಬಂದಿತು. 2016ರ ಜನವರಿಯಲ್ಲಿ ಆ ಗುಡ್ಡಕ್ಕೆ ಬೆಂಕಿ ಹತ್ತಿ, ಹೊಗೆ ಕವಿದು, ಸುತ್ತಲಿನ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಅದೇ ವರ್ಷ ಕೇಂದ್ರ ಸರಕಾರ ಘನತ್ಯಾಜ್ಯದ ನಿಯಮಗಳನ್ನು ಹೊಸದಾಗಿ ಹೊರಡಿಸಿತು. ದಿನಕ್ಕೆ ನೂರು ಕಿಲೋಗಿಂತ ಹೆಚ್ಚು ಕಸವಾಗುವ ಕಟ್ಟಡಗಳೂ ಹೋಟೇಲುಗಳೂ ಹಸಿ ಕಸವನ್ನು ಸಾಧ್ಯವಾದ ಮಟ್ಟಿಗೆ ತಮ್ಮಲ್ಲಿಯೇ ಗೊಬ್ಬರ ಮಾಡಬೇಕೆಂಬುದು ಅದರ ತಾತ್ಪರ್ಯ. ಮುಂಬಯಿ ಮಹಾನಗರ ಪಾಲಿಕೆಯು 2017ರ ಅಕ್ಟೋಬರ್ 2ರಿಂದ ಅದನ್ನು ಪಾಲಿಸಲೇಬೇಕೆಂದು ಹೇಳಿ ನೋಟೀಸುಗಳನ್ನು ಕಳುಹಿಸಿತು.

ಅಂಥ ಒಂದು ನೋಟೀಸಿನ ಬೆನ್ನಿಗೆ ಹುಟ್ಟಿದುದೇ ನಮ್ಮ ಗುಂಪು. ಪಶ್ಚಿಮ ರೈಲ್ವೆಯ ಒಂದು ಉಪನಗರದ ಹೌಸಿಂಗ್ ಸೊಸೈಟಿಯಲ್ಲಿ, ಪಂಪಿನ ಮನೆಯ ಹಿಂದೆ ಎರಡು ಗುಂಟೆಗೆ ಸ್ವಲ್ಪ ಕಡಿಮೆ ಜಾಗ ಪಾಳುಬಿದ್ದಿತ್ತು. ಅದನ್ನು ಹನ್ನೊಂದು ತಿಂಗಳಿಗೊಮ್ಮೆ ನವೀಕರಿಸುವ ಕರಾರಿನ ಮೇಲೆ ಕಮಿಟಿಯವರು ನಮಗೆ ಬಿಟ್ಟುಕೊಟ್ಟರು. ನಾವು ಹನ್ನೊಂದು ಮಂದಿ. ಮೂವರು ಕಚೇರಿಯ ಗುಮಾಸ್ತರು, ಇಬ್ಬರು ನಿವೃತ್ತರು, ಇಬ್ಬರು ಗೃಹಿಣಿಯರು. ಉಳಿದ ನಾಲ್ವರು ಪಕ್ಕದ ಕಟ್ಟಡದ ನೆಲಮಾಳಿಗೆಯಲ್ಲಿದ್ದ ಉಡುಪಿ ಹೋಟೇಲಿನ ಕೆಲಸಗಾರರು. ಹೋಟೇಲಿನ ಕಸ ನೂರು ಕಿಲೋಗೆ ಎಷ್ಟೋ ಕಡಿಮೆ. ಕಾಯಿದೆಯ ಒತ್ತಾಯ ಅವರಿಗಿರಲಿಲ್ಲ. ಮಧ್ಯಾಹ್ನ ಮೂರರಿಂದ ಐದರ ವರೆಗಿನ ತಮ್ಮ ಬಿಡುವನ್ನು ಅಟ್ಟದ ಮೇಲಿನ ಚಾಪೆಯಲ್ಲಿ ಕಳೆಯುವ ಬದಲು ಮಣ್ಣಿನಲ್ಲಿ ಕಳೆಯಲು ಅವರು ಏಕೆ ಒಪ್ಪಿದರೆಂದು ಆಗ ನಮಗೆ ಆಶ್ಚರ್ಯವಾಗಿತ್ತು.

ಗುಂಪು ಕಟ್ಟುವ ಮೊದಲೇ ನಾವು ಎರಡು ಜಾಗಗಳ ವಿಚಾರ ತಿಳಿದುಕೊಂಡಿದ್ದೆವು. ಮಾಹಿಮ್ ಖಾರಿಯ ದಡದಲ್ಲಿ, ಧಾರಾವಿಯ ಮಗ್ಗುಲಲ್ಲಿರುವ ಮಹಾರಾಷ್ಟ್ರ ನಿಸರ್ಗ ಉದ್ಯಾನವು ಒಂದು ಕಾಲಕ್ಕೆ ನಗರದ ಕಸ ಸುರಿಯುವ ಜಾಗವಾಗಿತ್ತು. ಸುಮಾರು 37 ಎಕರೆಯ ಆ ರಾಶಿಯ ಮೇಲೆ ಮಣ್ಣು ಹರಡಿ, 1983ರಲ್ಲಿ ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಕೈಯಿಂದ ಮೊದಲ ಸಸಿ ನೆಡಿಸಲಾಯಿತು. 1994ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಇಂದು ಅಲ್ಲಿ ಕಾಡೇ ನಿಂತಿದೆ. ಎರಡನೆಯದು ಮುಂಬಯಿ ಬಂದರು ಟ್ರಸ್ಟಿನ ಅಡುಗೆಮನೆಯ ಮಾಳಿಗೆ. ನೌಕರರಿಗೆ ಊಟ ಬೇಯಿಸುವ ಆ ಅಡುಗೆಮನೆಯ ಕಸದಿಂದಲೇ ಅಲ್ಲಿಯ ಸಿಬ್ಬಂದಿಯವರು, ಅಧಿಕಾರಿಣಿ ಪ್ರೀತಿ ಪಾಟೀಲರ ನೇತೃತ್ವದಲ್ಲಿ, ಮಾಳಿಗೆಯ ಮೇಲೆ ಹಣ್ಣು ತರಕಾರಿಗಳ ತೋಟವನ್ನೇ ಎಬ್ಬಿಸಿದ್ದರು. ಅಡುಗೆಯವರು ಮಾಡಿದ ತೋಟವೆಂಬ ಸಂಗತಿ ನಮ್ಮ ಹೋಟೇಲಿನ ಬಂಧುಗಳಿಗೆ ಬಹಳ ಹಿಡಿಸಿತು. ಗುಮಾಸ್ತರು ಮಾಡಿದ ತೋಟದ ಉದಾಹರಣೆ ಮಾತ್ರ ನಮಗೆ ಎಲ್ಲಿಯೂ ಸಿಗಲಿಲ್ಲ!

ಆರಂಭದ ಉತ್ಸಾಹವನ್ನು ಬಣ್ಣಿಸಿ ವಾಚಕರ ಸಮಯವನ್ನು ಹಾಳುಮಾಡುವುದಿಲ್ಲ. ಮೊದಲ ಮಳೆಗಾಲದ ಅಪಜಯವನ್ನು ಮಾತ್ರ ಹೇಳಲೇಬೇಕು.

ನಾವು ದಿನವೂ ಹೋಟೇಲಿನ ಎರಡು ಡಬ್ಬಗಳನ್ನು ತಂದು ಇಟ್ಟಿಗೆಯ ತೊಟ್ಟಿಗೆ ಸುರಿದೆವು. ಮೇ ತಿಂಗಳಿನಲ್ಲಿ ಎಲ್ಲವೂ ನೆಟ್ಟಗೆಯೇ ಇತ್ತು. ಜೂನ್ ಎರಡನೆಯ ವಾರದಲ್ಲಿ ಮಳೆ ಹಿಡಿಯಿತು. ಮುಂಬಯಿಯಲ್ಲಿ ಜುಲೈ ಒಂದೇ ತಿಂಗಳಿನಲ್ಲಿ ಎಂಟುನೂರು ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವುದು ವಾಡಿಕೆ. ನಮ್ಮ ತೊಟ್ಟಿಗೆ ಮುಚ್ಚಳವಿರಲಿಲ್ಲ. ರಾಶಿ ಕುಸಿದು ಕೆಸರಾಯಿತು, ಕೆಸರು ಕೊಳೆತು ನಾರಿತು. ಒಂದು ಮುಂಜಾನೆ ನೋಡಿದರೆ ಬೆರಳುಗಣ್ಣಿನಷ್ಟುದ್ದದ ಕಂದು ಹುಳುಗಳು ಸಾಲುಗಟ್ಟಿ ಗೋಡೆಯನ್ನೇರಿ ಮೊದಲ ಮಹಡಿಯವರ ಅಡುಗೆಮನೆಯ ಕಿಟಕಿಯನ್ನು ಮುಟ್ಟಿದ್ದವು. ಅವು ಕಪ್ಪು ನೊಣವೊಂದರ ಮರಿಗಳು, ಕಚ್ಚುವುದಿಲ್ಲ, ರೋಗ ತರುವುದಿಲ್ಲ, ಕೋಶ ಕಟ್ಟಲು ಒಣ ಜಾಗ ಹುಡುಕಿ ಹೊರಟಿವೆ ಎಂಬುದೆಲ್ಲವನ್ನು ನಾವು ಆಮೇಲೆ ತಿಳಿದೆವು. ಆದರೆ ಹಿಟ್ಟು ಕಲಸುತ್ತಿರುವ ಗೃಹಿಣಿಗೆ ಕೀಟಶಾಸ್ತ್ರವನ್ನು ಬೋಧಿಸಿ ಪ್ರಯೋಜನವೇನು? ಕಮಿಟಿಯಿಂದ ಪತ್ರ ಬಂದಿತು: ಹದಿನೈದು ದಿನಗಳೊಳಗೆ ನಾತ ನಿಲ್ಲದಿದ್ದರೆ ಜಾಗ ತೆರವು ಮಾಡತಕ್ಕದ್ದು.

ನಮ್ಮ ಸಭೆಯಲ್ಲಿ ಗುಮಾಸ್ತರು ಉತ್ತರದ ಕರಡು ಬರೆಯಲು ಕುಳಿತರು. ಕರಡಿನ ಮೂರನೆಯ ಕಲಮಿನ ಬಗ್ಗೆ ಚರ್ಚೆ ನಡೆಯುತ್ತಿದ್ದಾಗ, ಹೋಟೇಲಿನಲ್ಲಿ ತರಕಾರಿ ಹೆಚ್ಚುವ ಕುಂದಾಪುರದ ಕಡೆಯ ಯುವಕನೊಬ್ಬ, ಅಷ್ಟು ದಿನ ಬಾಯಿಬಿಡದಿದ್ದವನು, ಮೆಲ್ಲನೆ ಕೇಳಿದ:

"ಅಲ್ಲ ಸಾರ್, ಹಟ್ಟಿಗೆ ತರಗೆಲೆ ಹಾಸದೆ ಗೊಬ್ಬರ ಆಗ್ತದಾ? ನಮ್ಮ ಅಮ್ಮ ಬೇಸಗೆಯಲ್ಲಿ ಹಾಡಿಗೆ ಹೋಗಿ ಹೆಡಿಗೆಗಟ್ಟಲೆ ತರ್ತಾ ಇದ್ರು."

ಕರಡು ಅಲ್ಲಿಗೆ ನಿಂತಿತು. ಅವನ ತಾಯಿ ಹೆಡಿಗೆಯಲ್ಲಿ ಹೊತ್ತು ತಂದುದನ್ನೇ ಶಾಸ್ತ್ರಗ್ರಂಥಗಳು ಇಂಗಾಲ ಸಾರಜನಕಗಳ ಪ್ರಮಾಣವೆನ್ನುತ್ತವೆ. ರಾಶಿ ಚೆನ್ನಾಗಿ ಕಳಿಯಬೇಕಾದರೆ ಒಂದು ಪಾಲು ಸಾರಜನಕಕ್ಕೆ ಇಪ್ಪತ್ತೈದು ಮೂವತ್ತು ಪಾಲು ಇಂಗಾಲವಿರಬೇಕು. ತರಕಾರಿ ಸಿಪ್ಪೆಯಲ್ಲಿ, ಕಾಫಿಯ ಚರಟದಲ್ಲಿ ಸಾರಜನಕ ಹೆಚ್ಚು. ಒಣಗಿದೆಲೆಯಲ್ಲಿ ಇಂಗಾಲ ಹೆಚ್ಚು. ಒಣ ಎಲೆ ನೀರನ್ನು ಹೀರುತ್ತದೆ, ರಾಶಿಯೊಳಗೆ ಗಾಳಿಗೆ ಎಡೆಯನ್ನೂ ಮಾಡಿಕೊಡುತ್ತದೆ. ಗಾಳಿಯಿದ್ದಲ್ಲಿ ನಾತವಿಲ್ಲ.

ಒಣ ಎಲೆ ಎಲ್ಲಿಂದ? ರಸ್ತೆಯ ಬದಿಯಲ್ಲಿ ಗುಡಿಸಿ ಗುಪ್ಪೆ ಹಾಕಿದ ಎಲೆಗಳಿಗೆ ಕೆಲವರು ಸದ್ದಿಲ್ಲದೆ ಬೆಂಕಿ ಇಡುವುದನ್ನು ನಾವು ದಿನವೂ ನೋಡುತ್ತಿದ್ದೆವು. ಮಳೆಗಾಲದಲ್ಲಿ ಅದೂ ದುರ್ಲಭ. ಬಡಗಿಯ ಅಂಗಡಿಯಿಂದ ಮರದ ಹುಡಿ, ಎಳನೀರಿನವನಿಂದ ಒಣಗಿದ ಸಿಪ್ಪೆ, ಹೋಟೇಲಿನಿಂದ ಹರಿದ ರಟ್ಟಿನ ಪೆಟ್ಟಿಗೆ ಇವನ್ನು ಸೇರಿಸಿ, ಒಂದು ಡಬ್ಬ ಹಸಿಗೆ ಎರಡು ಡಬ್ಬ ಒಣದರಂತೆ ಬೆರೆಸಿ, ತಗಡಿನ ಮಾಡು ಕಟ್ಟಿದೆವು. ಯುವಕ ಮೂರರಿಂದ ಐದರ ತನ್ನ ಬಿಡುವಿನಲ್ಲಿ ಎರಡು ದಿನಕ್ಕೊಮ್ಮೆ ರಾಶಿಯನ್ನು ಮಗುಚಿದ. ಹನ್ನೆರಡನೆಯ ದಿನ ಕಾರ್ಯದರ್ಶಿಗಳು ಕರವಸ್ತ್ರ ಹಿಡಿದುಕೊಂಡೇ ಬಂದರು. ಅದನ್ನು ಜೇಬಿಗೆ ಹಾಕಿಕೊಂಡು ಹೋದರು. ರಾಶಿಯೊಳಗೆ ಚುಚ್ಚಿಟ್ಟ ಕಬ್ಬಿಣದ ಸಲಾಕೆಯನ್ನು ಎಳೆದು ಮುಟ್ಟಲು ಹೇಳಿದೆವು. ಸರಿಯಾದ ರಾಶಿ ಐವತ್ತೈದರಿಂದ ಅರುವತ್ತೈದು ಡಿಗ್ರಿಯ ವರೆಗೆ ಕಾಯುತ್ತದೆ. ಅವರು ಥಟ್ಟನೆ ಕೈ ಹಿಂದೆಗೆದರು.

ಈ ಸಂದರ್ಭದಲ್ಲಿ ನಾವು ಓದಿ ತಿಳಿದ ಒಂದು ಸ್ವಾರಸ್ಯವನ್ನು ಇಲ್ಲಿ ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ಗೊಬ್ಬರದ ಜಗತ್ಪ್ರಸಿದ್ಧ ಪದ್ಧತಿಗಳೆರಡು ನಮ್ಮ ದೇಶದ ಎರಡು ಊರುಗಳ ಹೆಸರನ್ನು ಹೊತ್ತಿವೆ. ಆಲ್ಬರ್ಟ್ ಹೋವರ್ಡರು ಇಂದೋರಿನಲ್ಲಿ 1924ರಿಂದ 1931ರ ವರೆಗೆ ಕೆಲಸ ಮಾಡಿ, ಯಶವಂತ ವಾಡ್ ಎಂಬ ಸಹೋದ್ಯೋಗಿಯೊಡನೆ ಗ್ರಂಥವನ್ನೂ ಬರೆದು ರೂಢಿಗೆ ತಂದುದು ಇಂದೋರು ಪದ್ಧತಿ. ರಾಶಿಯನ್ನು ಮತ್ತೆ ಮತ್ತೆ ಮಗುಚಿ ಗಾಳಿಯಾಡಿಸುವುದೇ ಅದರ ಜೀವಾಳ. ಡಾ. ಸಿ. ಎನ್. ಆಚಾರ್ಯರು 1939ರಲ್ಲಿ ರೂಪಿಸಿದುದು ಬೆಂಗಳೂರು ಪದ್ಧತಿ. ಅದರಲ್ಲಿ ಕಂದಕ ತೋಡಿ ಕಸವನ್ನು ಪದರಪದರವಾಗಿ ತುಂಬಿ, ಮೇಲೆ ಕೆಸರು ಮೆತ್ತಿ ಮುಚ್ಚಿದರೆ ಮುಗಿಯಿತು. ಆರೆಂಟು ತಿಂಗಳು ಮುಟ್ಟುವಂತಿಲ್ಲ. ಕೈಗಳು ಸಿಗುವಾಗ ಇಂದೋರು, ಕೈಗಳಿಲ್ಲದಾಗ ಬೆಂಗಳೂರು ಎಂದು ನಾವು ನಮ್ಮಷ್ಟಕ್ಕೆ ತೀರ್ಮಾನಿಸಿಕೊಂಡಿದ್ದೇವೆ. ಹಬ್ಬದ ದಿನಗಳಲ್ಲಿ ಹೋಟೇಲಿನವರಿಗೆ ಬಿಡುವಿಲ್ಲ, ಮಾರ್ಚಿನಲ್ಲಿ ಗುಮಾಸ್ತರಿಗೆ ಬಿಡುವಿಲ್ಲ. ಆಗೆಲ್ಲ ನಾವು ಬೆಂಗಳೂರಿನವರೇ.

ಉಪ್ಪು ಎಣ್ಣೆ ಬಿದ್ದ ಸಾಂಬಾರು, ಉಳಿದ ಅನ್ನ ಇವನ್ನು ರಾಶಿಗೆ ಹಾಕುವುದಿಲ್ಲ. ನೀರಿನ ಪೀಪಾಯಿಯನ್ನು ಬಟ್ಟೆ ಕಟ್ಟಿ ಮುಚ್ಚಿ ವಾರಕ್ಕೊಮ್ಮೆ ಬರಿದು ಮಾಡುತ್ತೇವೆ. ಡೆಂಗ್ಯೂ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯುವುದಕ್ಕೆ ಎಂಟು ಹತ್ತು ದಿನ ಸಾಕು, ಪಾಲಿಕೆಯವರು ಬಂದು ತಪಾಸಣೆ ಮಾಡಿದರೆ ದಂಡವೂ ಉಂಟು. ಮರದ ಕೊಂಬೆ ಕಡಿಯುವಾಗಲೂ 1975ರ ಮಹಾರಾಷ್ಟ್ರದ ವೃಕ್ಷಸಂರಕ್ಷಣೆಯ ಕಾಯಿದೆಯಂತೆ ಮೊದಲು ಅನುಮತಿ ಪಡೆಯಬೇಕು. ಇಂಥ ಅರ್ಜಿಗಳಲ್ಲಿಯೇ ಗುಮಾಸ್ತರ ನಿಜವಾದ ಉಪಯೋಗ.

ನೆಲವೋ, ಬರೀ ಒಡಕು ಇಟ್ಟಿಗೆ, ಸುಣ್ಣ, ಗಾಜು. ಆದುದರಿಂದ ಮೇಲೆ ಇಟ್ಟಿಗೆಯ ಅಂಚು ಕಟ್ಟಿ, ತಳಕ್ಕೆ ತೆಂಗಿನ ಸಿಪ್ಪೆ ಹಾಸಿ, ಒಂದು ಅಡಿ ಗೊಬ್ಬರ ಮಣ್ಣು ತುಂಬಿ ಮಡಿಗಳನ್ನು ಮಾಡಿದೆವು. ಬಸಳೆ, ಹರಿವೆ, ಒಂದೆಲಗ, ಅರಿಶಿನ, ಕರಿಬೇವು, ನುಗ್ಗೆ. ರಜೆಗೆ ಊರಿಗೆ ಹೋದವರೊಬ್ಬರು ಉಡುಪಿಯ ಬಳಿಯ ಮಟ್ಟು ಗ್ರಾಮದ ಗುಳ್ಳದ ಬೀಜ ತಂದರು; ಅದಕ್ಕೆ 2011ರಲ್ಲಿ ಭೌಗೋಳಿಕ ಮಾನ್ಯತೆ ದೊರೆತಿದೆಯೆಂದು ಬಹಳ ಹೆಮ್ಮೆಯಿಂದ ಬಿತ್ತಿದೆವು. ಕಾಯಿ ಬಿಟ್ಟಿತು, ರುಚಿ ಮಾತ್ರ ಬರಲಿಲ್ಲ. ಮಟ್ಟುವಿನ ಮಣ್ಣು ಮಟ್ಟುವಿನಲ್ಲಿಯೇ ಇದೆ.

ನಮ್ಮನ್ನು ಉಳಿಸಿದುದು ಕೆಸು. ನಾವು ಅದನ್ನು ಪತ್ರೊಡೆಗೆಂದು ನೆಟ್ಟೆವು. ಶ್ರಾವಣದಲ್ಲಿ ಎಲೆ ಆನೆಕಿವಿಯಂತೆ ಹರಡಿದಾಗ, ಹುಳುಗಳ ದೂರು ಕೊಟ್ಟಿದ್ದ ಅದೇ ಮೊದಲ ಮಹಡಿಯ ಮರಾಠಿ ಗೃಹಿಣಿ ಕೆಳಗಿಳಿದು ಬಂದು, ಆಳೂವಡಿಗೆ ನಾಲ್ಕು ಎಲೆ ಸಿಗಬಹುದೇ ಎಂದು ಕೇಳಿದರು. ಹತ್ತು ಕೊಟ್ಟೆವು. ಸಂಜೆ ಒಂದು ತಟ್ಟೆ ಆಳೂವಡಿ ಬಂದಿತು. ಮರುದಿನ ಹೋಟೇಲಿನ ಹುಡುಗರು ಪತ್ರೊಡೆ ಮಾಡಿ ಕಳುಹಿಸಿದರು. ಬಸಳೆ ಅವರಲ್ಲಿ ಮಾಯಾಳು. ಹೆಸರು ಬೇರೆ, ಬಳ್ಳಿ ಒಂದೇ. ಈಗ ಅವರು ನಮ್ಮ ಹನ್ನೆರಡನೆಯ ಸದಸ್ಯೆ, ನಾತದ ವಿಷಯದಲ್ಲಿ ನಮ್ಮ ಇನ್‌ಸ್ಪೆಕ್ಟರು.

ಜಗಳಗಳಿರಲಿಲ್ಲವೆಂದು ಯಾರೂ ತಿಳಿಯಬಾರದು. ನೀರು ಹಾಕುವಾಗ ಇಲ್ಲದವರು ಬಸಳೆ ಕೊಯ್ಯುವಾಗ ಇರುತ್ತಾರೆಂಬುದು ದೊಡ್ಡ ದೂರು. ಕೆಲಸ ಮಾಡಿದ ಗಂಟೆಗೆ ತಕ್ಕ ಪಾಲೆಂದು ಒಬ್ಬರು ಪುಸ್ತಕವಿಟ್ಟರು. ಆ ಪುಸ್ತಕದಿಂದ ಜಗಳ ಇಮ್ಮಡಿಯಾಯಿತು. ಕಡೆಗೆ ಭಾನುವಾರ ಕೊಯ್ದುದೆಲ್ಲವನ್ನು ಚಾಪೆಯ ಮೇಲೆ ಹರಡಿ, ಬಂದವರಿಗೆ ಸಮಪಾಲು, ಬಾರದವರಿಗೆ ಇಲ್ಲ ಎಂದು ನಿಶ್ಚಯಿಸಿದೆವು. ಹೋಟೇಲಿನವರು ಭಾನುವಾರ ಬರಲಾರರು. ಅವರ ನಾಲ್ಕು ಪಾಲನ್ನು ಮೊದಲೇ ತೆಗೆದಿಡುವುದು ನಿಯಮ. ಗುಂಪನ್ನು ನೋಂದಾಯಿಸುವ ಮಾತೂ ಬಂದಿತ್ತು. 1860ರ ಕಾಯಿದೆಯಂತೆ ಏಳು ಮಂದಿ ಸಾಕು. ಆದರೆ ಮಹಾರಾಷ್ಟ್ರದಲ್ಲಿ ಅದರೊಡನೆ 1950ರ ಸಾರ್ವಜನಿಕ ನ್ಯಾಸಗಳ ಕಾಯಿದೆಯ ಕೆಳಗೂ ದಾಖಲಾಗಬೇಕು, ವರ್ಷವರ್ಷವೂ ಲೆಕ್ಕ ಒಪ್ಪಿಸಬೇಕು. ತಿಂಗಳಿಗೆ ತಲೆಗೆ ಐವತ್ತು ರೂಪಾಯಿ ವಂತಿಗೆಯ ಗುಂಪಿಗೆ ಅಷ್ಟು ಭಾರವೇಕೆಂದು ಬಿಟ್ಟೆವು. ಲೆಕ್ಕದ ಹಾಳೆಯನ್ನು ಪಂಪಿನ ಮನೆಯ ಬಾಗಿಲಿಗೆ ಅಂಟಿಸುತ್ತೇವೆ, ಯಾರೂ ಓದಬಹುದು.

ಕಳೆದ ವರ್ಷ ಹೋಟೇಲು ಮುಚ್ಚಿತು. ನಷ್ಟದಿಂದಲ್ಲ, ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟುತ್ತಾರೆ. ಡಬ್ಬಗಳೂ ಹೋದವು, ಕೈಗಳೂ ಹೋದವು. ಕುಂದಾಪುರದ ಯುವಕನಿಗೆ ಪುಣೆಯಲ್ಲಿ ಕೆಲಸ ದೊರೆಯಿತು. ಹೊರಡುವ ಮುನ್ನಾದಿನ ಬಂದು ರಾಶಿಯನ್ನು ಇನ್ನೊಮ್ಮೆ ಮಗುಚಿ, ಸಲಾಕೆಯನ್ನು ಒರೆಸಿ ಮೂಲೆಗೆ ನಿಲ್ಲಿಸಿದ. ಮುಂಬಯಿಗೆ ಬಂದ ಮೇಲೆ ಮೂರು ವರ್ಷ ಕಾಲಿಗೆ ಮಣ್ಣೇ ತಾಗಿರಲಿಲ್ಲವೆಂದು ಆ ದಿನ ಹೇಳಿದ. ನಾವು ಮೊದಲೇ ಕೇಳಿದ್ದರೆ ಮೊದಲೇ ಹೇಳುತ್ತಿದ್ದನೇನೋ.

ಈಗ ನಮ್ಮ ಸೊಸೈಟಿಯ ಸರದಿ. ಪುನರ್ನಿರ್ಮಾಣದ ನಕ್ಷೆಯಲ್ಲಿ ನಮ್ಮ ಎರಡು ಗುಂಟೆಯ ಮೇಲೆ ಮೋಟಾರು ನಿಲ್ಲಿಸುವ ಚೌಕಗಳನ್ನು ಗೀಚಿದ್ದಾರೆ. ವಿರೋಧಿಸಬೇಕೆಂದು ಹೇಳುವುದು ಸುಲಭ. ನಮ್ಮ ಗುಂಪಿನವರಲ್ಲಿಯೇ ಇಬ್ಬರ ಮನೆ ಪ್ರತಿ ಮಳೆಗಾಲ ಸೋರುತ್ತದೆ, ಒಬ್ಬರ ಮಾಡಿನ ಗಾರೆ ಮಗುವಿನ ಹಾಸಿಗೆಯ ಮೇಲೆ ಬಿದ್ದಿತ್ತು. ಅವರು ಹೊಸ ಕಟ್ಟಡಕ್ಕೆ ಮತ ಕೊಟ್ಟರು; ಕೊಟ್ಟುದನ್ನು ಸಭೆಯಲ್ಲಿಯೇ ಹೇಳಿದರು. ತಪ್ಪೆನ್ನಲು ನಮಗೆ ಬಾಯಿ ಬರಲಿಲ್ಲ. ಹೊಸ ಕಟ್ಟಡದ ಮಾಳಿಗೆಯ ಒಂದು ಭಾಗವನ್ನು ತೋಟಕ್ಕೆ ಬಿಡಬೇಕು, ಅದರ ತಳಕ್ಕೆ ನೀರಿಳಿಯದ ಲೇಪ ಹಚ್ಚಬೇಕು ಎಂದು ಅರ್ಜಿ ಕೊಟ್ಟಿದ್ದೇವೆ. ಅರ್ಜಿಗೆ ಕ್ರಮಾಂಕ ಬಿದ್ದಿದೆ, ಉತ್ತರ ಬಂದಿಲ್ಲ.

ಅಷ್ಟರೊಳಗೆ ಮಣ್ಣನ್ನು ಗೋಣಿಗಳಿಗೆ ತುಂಬುತ್ತಿದ್ದೇವೆ. ಐದು ವರ್ಷಕ್ಕೂ ಮೀರಿ ಮಾಡಿದ ಮಣ್ಣು ಅದು, ಬಿಟ್ಟುಹೋಗುವ ಮನಸ್ಸಿಲ್ಲ. ಕೆಸುವಿನ ಗಡ್ಡೆ, ಬಸಳೆಯ ದಂಟು, ಅರಿಶಿನದ ಬೀಜ ಬೇಕಾದವರಿಗೆ ಕೊಡುತ್ತೇವೆ. ಡಬ್ಬವೊಂದಿದ್ದರೆ ಹೋಟೇಲಿನ ಮಾಳಿಗೆಯ ಮೇಲೂ ಅವು ಬೆಳೆಯುತ್ತವೆ. ನಮ್ಮ ಕೆಲಸ ಭಾನುವಾರ ಬೆಳಗ್ಗೆ ಏಳರಿಂದ ಒಂಬತ್ತರ ವರೆಗೆ. ಹೋಟೇಲಿನ ಬಂಧುಗಳು ಯಾವ ದಿನವಾದರೂ ಮಧ್ಯಾಹ್ನ ಮೂರರಿಂದ ಐದರೊಳಗೆ ಬರಬಹುದು; ಗೇಟಿನ ಕೀಲಿಕೈ ಈಗಲೂ ಕಾವಲುಗಾರನ ಬಳಿಯಲ್ಲಿಯೇ ಇದೆ.