ದೂರವೇ ವೇಗದ ತಳಹದಿ

800 ಮೀಟರು ಓಡಬೇಕಾದವನು ವಾರಕ್ಕೆ 160 ಕಿಲೋಮೀಟರು ಓಡಿ ಅಭ್ಯಾಸ ಮಾಡುವುದು ಮೇಲುನೋಟಕ್ಕೆ ವಿಚಿತ್ರವೆನಿಸಬಹುದು. ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ ತನ್ನ ಶಿಷ್ಯರಿಂದ ಮಾಡಿಸಿದ್ದು ಇದನ್ನೇ. ಅವರಲ್ಲೊಬ್ಬನಾದ ಪೀಟರ್ ಸ್ನೆಲ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 800 ಮೀಟರು ಓಟವನ್ನೂ, 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 800 ಹಾಗೂ 1500 ಮೀಟರು ಓಟಗಳನ್ನೂ ಗೆದ್ದನು.

ಇದರ ಮರ್ಮವೇನು? ಹದವಾದ ವೇಗದಲ್ಲಿ ಬಹುದೂರ ಓಡುವ ಅಭ್ಯಾಸದಿಂದ ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ಹೊರದೂಡುವ ಶಕ್ತಿಯನ್ನು ಪಡೆಯುತ್ತದೆ. ಸ್ನಾಯುಗಳಲ್ಲಿ ಲೋಮನಾಳಗಳು ಹೆಚ್ಚುತ್ತವೆ. ಆಮ್ಲಜನಕದ ಪೂರೈಕೆ ಸುಗಮವಾಗುತ್ತದೆ. ಆಗ ಓಟಗಾರನು ಬೇಗನೆ ದಣಿಯದೆ ತನ್ನ ವೇಗವನ್ನು ಕೊನೆಯವರೆಗೂ ಕಾಯ್ದುಕೊಳ್ಳಬಲ್ಲನು.

ಆದರೆ ದೂರವೊಂದೇ ಸಾಲದು. ಲಿಡಿಯಾರ್ಡನು ಈ ತಳಹದಿಯ ಮೇಲೆ ಗುಡ್ಡವೇರುವ ಓಟವನ್ನೂ, ಬಳಿಕ ವೇಗದ ಓಟವನ್ನೂ ಕ್ರಮವಾಗಿ ಸೇರಿಸಿದನು. ಇನ್ನೊಂದು ಎಚ್ಚರವೂ ಅಗತ್ಯ. ಹೃದಯವು ಪಳಗುವಷ್ಟು ಬೇಗನೆ ಮೂಳೆಗಳೂ ಸ್ನಾಯುರಜ್ಜುಗಳೂ ಪಳಗುವುದಿಲ್ಲ. ಅವಸರದಿಂದ ದೂರವನ್ನು ಹೆಚ್ಚಿಸಿದವನು ಕಾಲುನೋವಿನಿಂದ ಮೈದಾನದ ಹೊರಗೆ ಕುಳಿತುಕೊಳ್ಳಬೇಕಾದೀತು. ಬೆಳೆಯುವ ವಯಸ್ಸಿನವರು 160 ಕಿಲೋಮೀಟರನ್ನು ಗುರಿಯಾಗಿಟ್ಟುಕೊಳ್ಳಬೇಕಾಗಿಲ್ಲ. ಓಟವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ, ನಡುನಡುವೆ ವಿಶ್ರಾಂತಿ ಪಡೆಯುತ್ತ, ಅಭ್ಯಾಸವನ್ನು ತಪ್ಪದೆ ನಡೆಸಿದವನಿಗೆ ವೇಗವೂ ದೇಹದಾರ್ಢ್ಯವೂ ಒಟ್ಟಿಗೆ ಒಲಿಯುತ್ತವೆ.